ತಂಗಿಯ ಅಂಗಡಿಯ ಬೋಣಿ

ಹೊಸೂರಿನ ಕಾರ್ಖಾನೆಗಳ ಕಡೆ ಹೋಗುವ ನಮ್ಮ ರಸ್ತೆಯಲ್ಲಿ ಈಗ ನಮ್ಮವರ ದಿನಸಿ ಅಂಗಡಿಗಳು ಎರಡೇ ಉಳಿದಿವೆ. ಅವಕ್ಕೂ ಉಳಿಯುವ ಯೋಗ್ಯತೆ ಇರಲಿಲ್ಲ. ಅವುಗಳಲ್ಲೊಂದು ನನ್ನದು.

ಮಿಕ್ಕವೆಲ್ಲ ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದವರವು. ಮೊದಲು ಒಂದು ಗೂಡಂಗಡಿ ಬಂತು. ಆಮೇಲೆ ಬಾಡಿಗೆ ಮನೆಗಳ ಮುಂದಿನ ಕೋಣೆಗಳೆಲ್ಲ ಅಂಗಡಿಗಳಾದವು. ಬಾಗಿಲಲ್ಲಿ ಪುರಿ ಮೂಟೆ, ಒಳಗೆ ಸಾಸಿವೆ ಎಣ್ಣೆ, ಒಣಮೀನು, ಬಿದಿರಿನ ಕಳಲೆಯ ಉಪ್ಪಿನಕಾಯಿ. ನಾವು ಹಳೇ ಅಂಗಡಿಯವರು ಟೀ ಕುಡಿಯುತ್ತಾ, “ಊರೆಲ್ಲಾ ಗಬ್ಬೆದ್ದೋಯ್ತು” ಅನ್ನುತ್ತಿದ್ದೆವು. ಹಾಗಂದವರೇ ಮನೆಗೆ ಹೋಗಿ ಅವರಿಗೆ ಬಾಡಿಗೆಗೆ ಕೊಡಲು ಇನ್ನೊಂದು ಕೋಣೆ ಕಟ್ಟಿಸುತ್ತಿದ್ದರು. ಹಿಂದಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಇಲ್ಲವೆಂದು ಕೈಯಾಡಿಸುವುದೇ ನಮಗೆ ದೊಡ್ಡಸ್ತಿಕೆ. ಕೇಳಿದ್ದನ್ನು ತಂದಿಡುವ ಬುದ್ಧಿ ಒಬ್ಬನಿಗೂ ಬರಲಿಲ್ಲ.

ಬಂದದ್ದು ನನ್ನ ತಂಗಿಗೆ. ಕಾರ್ಖಾನೆಯಲ್ಲಿ ಒಡಿಶಾದ ಹುಡುಗಿಯರ ಜೊತೆ ದುಡಿದು ಹಿಂದಿ ಕಲಿತಿದ್ದಳು. ಆ ಕೆಲಸ ಬಿಟ್ಟು, ಪಕ್ಕದ ಬೀದಿಯಲ್ಲಿ ಅವರಿಗೆ ಬೇಕಾದ್ದನ್ನೇ ಇಟ್ಟು ಅಂಗಡಿ ತೆರೆದಳು.

ತೆರೆದ ದಿನ ನಾನು ಬೇಕೆಂದೇ ತಡವಾಗಿ ಹೋದೆ. ಬಾಗಿಲಲ್ಲಿ ಏಳೆಂಟು ಜನ ಕಾಯುತ್ತಿದ್ದರು. ನಾನು ಬರುವ ತನಕ ಅವಳು ಒಬ್ಬರಿಗೂ ಏನೂ ಕೊಟ್ಟಿರಲಿಲ್ಲ.

“ಬೋಣಿ ನಿನ್ ಕೈಲೇ ಆಗ್ಬೇಕು ಕಣಣ್ಣಾ. ನಿನ್ ಕೈಗುಣ ಒಳ್ಳೇದು.”

ಹೊಸ ಅಂಗಡಿಯ ಮೊದಲ ವ್ಯಾಪಾರಕ್ಕೆ ನಮ್ಮಲ್ಲಿ ಒಳ್ಳೆಯ ಕೈ ಹುಡುಕುತ್ತಾರೆ. ನಾನು ಒಂದು ಪೊಟ್ಟಣ ಕರ್ಪೂರ ಕೊಂಡೆ. ಸಾಸಿವೆ ಎಣ್ಣೆಯ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದೆ.

“ಏನಮ್ಮಾ ಇದು, ಕಣ್ಣೆಲ್ಲಾ ಉರೀತೈತೆ?”

“ಉರೀದಿದ್ರೆ ಅವ್ರು ತಗಳಲ್ಲಣ್ಣಾ. ಕಣ್ಣಾಗೆ ನೀರು ಬರ್ಸಿದ್ರೇನೇ ಒಳ್ಳೇ ಎಣ್ಣೆ,” ಎಂದು ನಕ್ಕಳು.

ಅವಳ ಅಂಗಡಿಯಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ನಾನು ನನ್ನ ಅಂಗಡಿಯಲ್ಲಿ ಬೆಲ್ಲದ ಮೇಲಿನ ನೊಣ ಓಡಿಸುತ್ತಾ ಕೂತಿರುತ್ತಿದ್ದೆ. ಟೀ ಅಂಗಡಿಯಲ್ಲಿ ಒಬ್ಬ, “ಏನ್ಲಾ, ನಿನ್ ತಂಗಿ ಬಿಹಾರಕ್ಕೇ ಸೊಸೆಯಾಗಿ ಹೋಗ್ಬುಟ್ಲಾ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳ ಅಂಗಡಿಯ ಕಟ್ಟಡದ ಯಜಮಾನ ಮೇಲಿನ ಮನೆಯಲ್ಲೇ ಇದ್ದ. ಸಾಸಿವೆ ಎಣ್ಣೆಯ ವಾಸನೆ ಅವನ ಹೆಂಡತಿಗೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನಲ್ಲಿಗೆ ಬಂದು ಕೇಳಿದ: “ನೀನು ವ್ಯಾಪಾರ ತಿಳಿದೋನು. ಆ ಎಣ್ಣೆ ನೆಟ್ಟಗೈತಾ?”

“ಕೆಟ್ಟೋಗಿರೋ ಎಣ್ಣೆ ಸಾರ್. ನಾಳೆ ಯಾರಾದ್ರೂ ತಿಂದು ಬಿದ್ರೆ, ಬಿಲ್ಡಿಂಗು ನಿಮ್ದು.”

ಗೊತ್ತಿಲ್ಲದೆ ಆಡಿದ ಮಾತಲ್ಲ ಅದು. ತಂಗಿ ಹೇಳಿದ್ದು ಕಿವಿಯಲ್ಲೇ ಇತ್ತು.

ತಿಂಗಳು ತುಂಬುವುದರೊಳಗೆ ಯಜಮಾನ ಅವಳ ಅಂಗಡಿ ಖಾಲಿ ಮಾಡಿಸಿದ. ಸಾಮಾನು ಹೊರಲು ನಾನೇ ಮುಂದೆ ನಿಂತೆ. “ನೀನಿದ್ದೀಯಲ್ಲಣ್ಣಾ, ಅದೇ ಧೈರ್ಯ,” ಅಂದಳು. ಅವಳ ರ್‍ಯಾಕುಗಳನ್ನು ನನ್ನ ಅಂಗಡಿಯಲ್ಲಿ ನಿಲ್ಲಿಸಿಕೊಂಡೆ. ಅವಳು ಗುಲಾಬಿ ತೋಟಕ್ಕೆ ಹೂ ಕತ್ತರಿಸಲು ಹೋದಳು. ಬೆರಳ ತುಂಬ ಮುಳ್ಳು ಗೀರಿದ ಗಾಯ. ಅದೇ ರ್‍ಯಾಕುಗಳಲ್ಲಿ ನಾನು ಸಾಸಿವೆ ಎಣ್ಣೆ ತಂದಿಟ್ಟೆ. ಅಷ್ಟು ನಾಚಿಕೆಗೆಟ್ಟವನು ನಾನು. ಕೊಳ್ಳಲು ಯಾರೂ ಬರಲಿಲ್ಲ. ವರ್ಷಗಟ್ಟಲೆ ಕೈಯಾಡಿಸಿ ಕಳಿಸಿದವನ ಮುಖವನ್ನು ಅವರು ಮರೆತಿರಲಿಲ್ಲ.

ಹೋದ ತಿಂಗಳು ತಂಗಿ ಸೂಳಗಿರಿಯಲ್ಲಿ, ಹೊಸ ಕಾರ್ಖಾನೆಗಳ ಹತ್ತಿರ, ಮತ್ತೆ ಅಂಗಡಿ ಹಾಕಿದಳು. “ಬೋಣಿಗೆ ಬಾಣ್ಣಾ,” ಅಂತ ಫೋನ್ ಮಾಡಿದಳು. ಈ ಸಲ ಬೇಗನೆ ಹೋದೆ. ಏನನ್ನೂ ಮುಟ್ಟದೆ, ಹಳೇ ಕಟ್ಟಡದ ಯಜಮಾನನಿಗೆ ನಾನು ಹೇಳಿದ್ದ ಮಾತನ್ನು ಹಾಗೆಯೇ ಅವಳಿಗೆ ಹೇಳಿದೆ.

ಬಾಟಲಿ ಒರೆಸುತ್ತಿದ್ದ ಅವಳ ಕೈ ನಿಂತಿತು.

“ಉರೀದಿದ್ರೆ ತಗಳಲ್ಲ ಅಂತ ನಾನು ಹೇಳಿದ್ನಲ್ಲಾ?”

“ನೀನ್ ಹೇಳಿದ್ದೆ ಕಣಮ್ಮಾ.”

ಅವಳು ಬಾಟಲಿ ಕೆಳಗಿಟ್ಟಳು. ಬಾಗಿಲಲ್ಲಿ ಸಾಲಿನ ಮುಂದೆ ನಿಂತಿದ್ದ ಒಡಿಯಾ ಹೆಂಗಸನ್ನು ಹಿಂದಿಯಲ್ಲಿ ಒಳಗೆ ಕರೆದಳು. ಆಕೆ ಎಣ್ಣೆ ಮೂಸಿ, ಕಣ್ಣೊರೆಸಿಕೊಂಡು, ಸರಿ ಎಂದು ತಲೆಯಾಡಿಸಿ ಕೊಂಡಳು. ಬೋಣಿ ಆಯಿತು.

ನಾನು ಸಾಲಿನ ಕೊನೆಗೆ ಹೋಗಿ ನಿಂತೆ. ಮುಂದೆ ನಾಲ್ಕು ಜನ. ನನ್ನ ಸರದಿ ಬಂದಾಗ ಅವಳು ತಲೆಯೆತ್ತಿದಳು.

“ಏನ್ ಬೇಕು?”

ಅಣ್ಣಾ ಅನ್ನಲಿಲ್ಲ. ಒಂದು ಬಾಟಲಿ ಸಾಸಿವೆ ಎಣ್ಣೆ ಅಂದೆ.