ಹಂದಿ ದೊಡ್ಡಿಯ ಮುಳ್ಳುಬಾಗಿಲು

ಕಿವಿ ಹಿಡಿದದ್ದೇ ತಪ್ಪಾಯಿತು. ಹಂದಿ ನನ್ನನ್ನೂ ಎಳೆದುಕೊಂಡು ತಿಪ್ಪಯ್ಯನ ಹೊಲದ ನಡುವೆ ಓಡಿತು. ಬದುವಿನ ಮೇಲೆ ನಿಂತು ನಮ್ಮತ್ತೆ "ಪಟ್ಟು, ಪಟ್ಟು!" ಎಂದು ಕೂಗುತ್ತಿದ್ದಳು. ತೆಲುಗಿನಲ್ಲಿ ಹಾಗೆಂದರೆ ಹಿಡಿ ಎಂದು. ಹಿಡಿದೇ ಇದ್ದೆ. ಮುಖ ಮಣ್ಣಿಗೆ ಬಿದ್ದ ಮೇಲೆ ಬಿಟ್ಟೆ.

ತಿಪ್ಪಯ್ಯ ನಮ್ಮ ಪಕ್ಕದ ಹೊಲದವನು. ದೊಣ್ಣೆ ಹಿಡಿದು ಬಂದ.

"ಲೇ ಮೈಸೂರಾ, ಹಂದಿ ಕಾಯಾಕೆ ಬಂದೀಯೋ, ಅದರ ಜತಿಗೆ ಉಳ್ಳಾಡಾಕೆ ಬಂದೀಯೋ?"

ಅಷ್ಟರಲ್ಲಿ ನನ್ನ ಹೆಂಡತಿ ನಾಗಕ್ಕ ಮಂಕರಿ ತಂದು ಹಂದಿಯ ತಲೆಗೆ ಕವುಚಿದಳು. ಕಣ್ಣು ಕತ್ತಲಾದ ಕೂಡಲೇ ಅದು ಹಿಂದಕ್ಕೆ ಸರಿಯತೊಡಗಿತು. ಇವಳು ಬಾಲ ಹಿಡಿದು ಬೇಕಾದ ಕಡೆಗೆ ತಿರುಗಿಸುತ್ತ, ಹಿಂದುಹಿಂದಾಗಿಯೇ ದೊಡ್ಡಿಯವರೆಗೂ ನಡೆಸಿಕೊಂಡು ಹೋದಳು. ನಮ್ಮ ಮೈಸೂರು ಕಡೆ ದನವನ್ನು ಹಿಂದಿನಿಂದ ಹೊಡೆದರೆ ಮುಂದಕ್ಕೆ ಹೋಗುತ್ತದೆ. ಇಲ್ಲಿ ಹಂದಿಯನ್ನು ಮುಂದಿನಿಂದ ಮುಚ್ಚಿದರೆ ಹಿಂದಕ್ಕೆ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ತಿಪ್ಪಯ್ಯ ನಮ್ಮ ಮಾವ ಪಾಲಯ್ಯನ ಮುಂದೆ ನಿಂತು ಹೇಳಿದ: "ಇನ್ನೊಂದು ಸಲ ನನ್ನ ಶೇಂಗಾದಾಗೆ ಇದರ ಮೂತಿ ಕಂಡ್ರೆ ಭರ್ಜಿ ಹಾಕ್ತೀನಿ. ಆಮ್ಯಾಲೆ ಹೇಳ್ಲಿಲ್ಲ ಅನಬ್ಯಾಡ." ಶೇಂಗಾ ಎಂದರೆ ನಮ್ಮ ಕಡಲೆಕಾಯಿ.

ಅವನು ಹೋದ ಮೇಲೆ ಮಾವ ನನ್ನ ಕಡೆ ತಿರುಗಿದ.

"ನಾ ಬಾಗ್ಲು ಮುಚ್ಚೇ ಬಂದಿವ್ನಿ, ಮಾವ," ಎಂದೆ.

"ಮುಚ್ಚಿದ್ರೆ ಹೆಂಗ್ ಬಂತು? ಅದಕ್ಕೇನು ರೆಕ್ಕಿ ಐತಾ? ಮುಂದ್ಲ ಸಂತಿಗೆ ಮಾರ್ಬಿಡಾನ."

ಅತ್ತೆ "ಬಸುರಿ ಐತಲ್ಲ" ಎಂದಳು. ಮಾವ ಒಳಗೆ ಹೋದ.

ಮಾರುವ ಮಾತು ನನಗೆ ಏಕೆ ತಾಗಿತು ಎಂದು ಈ ಕಾಗದದಲ್ಲಿ ನಿಮಗೆ ಹೇಳಬೇಕು, ಅಪ್ಪ. ಊರಿನ ಗದ್ದೆ ಅಣ್ಣಂದಿರಿಗೇ ಸಾಲದು ಎಂದು ನೀವೇ ನನ್ನನ್ನು ಇಲ್ಲಿಗೆ ಕಳಿಸಿದಿರಿ. ರೈಲು, ಆಮೇಲೆ ಗಾಡಿ, ಚಳ್ಳಕೆರೆ ದಾಟಿದ ಮೇಲೆ ಹೆಚ್ಚಾಗಿ ಕಾಲ್ನಡಿಗೆ. ನಾನು ಬಂದದ್ದು ಇಲ್ಲರಿಕಕ್ಕೆ. ಗಂಡುಮಕ್ಕಳಿಲ್ಲದವರು ಅಳಿಯನನ್ನೇ ಮನೆಗೆ ತಂದುಕೊಳ್ಳುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಅಳಿಯ ಬಂದ ಮೇಲೆ ಹಂದಿ ಹಾಕುವ ಮೊದಲ ಸೂಲಿನ ಮರಿಗಳೆಲ್ಲ ಅವನವು. ಅವನ್ನು ಸಾಕಿ ಅವನು ತನ್ನ ಬದುಕು ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಕೊಟ್ಟದ್ದು ಉಂಡು ಹೇಳಿದ್ದು ಮಾಡುವ ಆಳು. ಮನೆಯಲ್ಲಿ ಮರಿ ಹಾಕುವ ಹಂದಿ ಇದೊಂದೇ. ಅದು ಸಂತೆಗೆ ಹೋದರೆ ನಾನು ಆಳಾಗಿಯೇ ಉಳಿದೆ.

ನಮ್ಮಜ್ಜನ ಕಾಲಕ್ಕೇ ನಾವು ಹಂದಿ ಸಾಕುವುದು ಬಿಟ್ಟೆವು. ತೆಲುಗನ್ನೂ ಬಿಟ್ಟೆವು. ನಮ್ಮ ಕುಲದವರೇ ಆದರೂ ಇವರು ಎರಡನ್ನೂ ಬಿಟ್ಟಿಲ್ಲ. ಮನೆ ಸಿದ್ದಾಪುರದ ಗುಡ್ಡದ ಕೆಳಗೆ. ಎತ್ತ ನೋಡಿದರೂ ಬಂಡೆ. ಅಲ್ಲಿ ಕಾಲುವೆಗೆ ಕಾಲಿಟ್ಟರೆ ನೀರು, ಇಲ್ಲಿ ಒಂದು ಕೊಡಕ್ಕೆ ಹೆಣ್ಣುಮಕ್ಕಳು ಗುಡ್ಡ ಸುತ್ತುತ್ತಾರೆ. ರಾಗಿ ಮುದ್ದೆಯ ಬದಲು ನವಣೆ ಅನ್ನ, ಸಜ್ಜೆ ರೊಟ್ಟಿ. ಮೊದಮೊದಲು ರೊಟ್ಟಿ ಗಂಟಲಲ್ಲಿ ನಿಲ್ಲುತ್ತಿತ್ತು. ಈಗ ಇಳಿಯುತ್ತದೆ. ಮನೆಯವರು ತಮ್ಮೊಳಗೆ ತೆಲುಗಿನಲ್ಲಿ ಮಾತಾಡಿ ನಗುತ್ತಾರೆ. ಆಗ ನಾನು ಹೊರಗೆ ಹೋಗಿ ಹಂದಿಗಳ ಹತ್ತಿರ ಕೂರುತ್ತೇನೆ. ಅವಕ್ಕೆ ನನ್ನ ಕನ್ನಡವೂ ಸಾಕು.

ಹೊಲದಲ್ಲಿ ಶೇಂಗಾ ಇರುವವರೆಗೆ ಹಂದಿಗಳನ್ನು ಹೊರಗೆ ಬಿಡುವುದಿಲ್ಲ. ಕಲ್ಲು ಪೇರಿಸಿದ ದೊಡ್ಡಿ, ಬಾಗಿಲಿಗೆ ಒಂದು ಜಾಲಿಯ ಕೊಂಬೆ. ಮುಚ್ಚುವ ಕೆಲಸ ನನ್ನದು. ಹಂದಿ ತಪ್ಪಿಸಿಕೊಂಡ ಪ್ರತಿ ಸಲವೂ ಕೊಂಬೆ ಒಳಗೆ ಬಿದ್ದಿರುತ್ತಿತ್ತು, ನಾನೇ ಸಡಿಲ ಹಾಕಿದೆ ಎನ್ನುತ್ತಿದ್ದರು.

ಮಾರನೆಯ ದಿನ ಕಾಯುತ್ತ ಕುಳಿತೆ. ನಾನು ಕಾಣುವಷ್ಟು ಹೊತ್ತೂ ಹಂದಿ ನಿದ್ದೆ ಮಾಡಿತು. ಎದ್ದು ಬಂಡೆಯ ಹಿಂದೆ ಹೋಗಿ ಇಣುಕಿದೆ. ಎದ್ದಿತು. ಬಾಗಿಲಿಗೆ ಬಂದು, ಮೂತಿಯಿಂದ ಎಲೆ ಸರಿಸಿ, ಕೊಂಬೆಯ ಬುಡವನ್ನು ಹಲ್ಲಿನಲ್ಲಿ ಕಚ್ಚಿ ಒಳಕ್ಕೆ ಎಳೆಯತೊಡಗಿತು. ನಾನು ಕೆಮ್ಮಿದೆ. ಬುಡ ಬಿಟ್ಟು ಅಲ್ಲೇ ಬಿದ್ದುಕೊಂಡು ಕಣ್ಣು ಮುಚ್ಚಿತು. ಕಿವಿ ಮಾತ್ರ ನನ್ನ ಕಡೆಗೇ ಇತ್ತು.

ಆಗ ಗೊತ್ತಾಯಿತು. ನಮ್ಮಲ್ಲಿ ಗದ್ದೆಯ ಕಂಡಿ ಮುಚ್ಚುವುದು ಹೊರಗಿನ ದನ ಒಳಗೆ ಬಾರದಿರಲಿ ಎಂದು. ಮುಳ್ಳು ಹೊರಕ್ಕೆ, ಬುಡ ಒಳಕ್ಕೆ. ಇಲ್ಲೂ ಹಾಗೆಯೇ ಹಾಕಿದ್ದೆ. ಇಲ್ಲಿ ತಡೆಯಬೇಕಾದದ್ದು ಒಳಗಿತ್ತು. ಹಿಡಿಯುವುದಕ್ಕೆ ಬುಡವನ್ನು ನಾನೇ ಅದರ ಬಾಯಿಗೆ ಕೊಟ್ಟಿದ್ದೆ.

ಮಾವನನ್ನು ಕರೆದು ತೋರಿಸಿದೆ. ಆತ ಕೊಂಬೆ ನೋಡಿದ, ನನ್ನನ್ನು ನೋಡಿದ.

"ಬುಡ ಒಳಗಾ? ಯಾವನಲೇ ನಿಂಗೆ ಕಲ್ಸಿದ್ದು?"

"ನಮ್ಮಪ್ಪ."

"ನಿಮ್ಮಪ್ಪಗಿಂತ ಹಂದಿ ಶಾಣ್ಯಾ ಐತೆ ಬಿಡು."

ಕೊಂಬೆ ತಿರುಗಿಸಿ, ಬುಡ ಹೊರಗೆ ಮಾಡಿ, ಮೇಲೆ ಕಲ್ಲು ಹೇರಿದೆ. ಹಂದಿ ಬಂದು ಮೂತಿ ಇಟ್ಟಿತು. ಚುಚ್ಚಿತು. ಇನ್ನೊಂದು ಮೂಲೆಯಲ್ಲಿ ನೋಡಿತು. ಮತ್ತೆ ಚುಚ್ಚಿತು. ಆಮೇಲೆ ಆ ಬಾಗಿಲಿನ ತಂಟೆಗೆ ಹೋಗಲಿಲ್ಲ. ಸಂತೆಯ ದಿನ ಮಾವ ಹೆಗಲ ಮೇಲೆ ಟವೆಲು ಹಾಕಿಕೊಂಡು ಒಬ್ಬನೇ ಹೋದ. ಹಂದಿ ದೊಡ್ಡಿಯಲ್ಲೇ ಉಳಿಯಿತು.

ಮರಿ ಹಾಕುವ ಮೊದಲು ಹಂದಿ ಹಾಸಿಗೆ ಮಾಡಿಕೊಳ್ಳುತ್ತದೆ. ಬಾಯಿಗೆ ಸಿಕ್ಕಿದ ಹುಲ್ಲು, ಸೊಪ್ಪು ಎಲ್ಲವನ್ನೂ ಮೂಲೆಗೆ ಹೊರುತ್ತದೆ. ಅವ್ವ ಕಳಿಸಿದ ಕಂಬಳಿಯನ್ನು ದೊಡ್ಡಿಯ ಗೋಡೆಯ ಮೇಲೆ ಒಣಹಾಕಿದ್ದೆ. ಬಂದು ನೋಡಿದಾಗ ಅದು ಹಂದಿಯ ಕೆಳಗಿತ್ತು. ಅದರ ಮೇಲೆ ಮರಿಗಳು ಸಾಲಾಗಿ ಹಾಲು ಕುಡಿಯುತ್ತಿದ್ದವು. ನಾಗಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು.

ಮಾವ ಬಗ್ಗಿ ನೋಡಿ, "ನಿನ್ನ ಕಂಬ್ಳಿ, ನಿನ್ನ ಮರಿ. ಇನ್ನ ನೀನೇ ನೋಡ್ಕ," ಎಂದ.

ಕಂಬಳಿ ಬೆಚ್ಚಗಿದೆಯೇ ಎಂದು ಅವ್ವ ಕೇಳಿ ಕಳಿಸಿದ್ದಾಳೆ. ಬೆಚ್ಚಗಿದೆ ಎಂದು ಹೇಳಿ. ನಾನು ಊರಿಗೆ ಬಂದರೆ ಹಂದಿ ಕಾಯುವವನನ್ನು ಒಳಗೆ ಕೂರಿಸುವುದು ಹೇಗೆ ಎಂದು ಅಣ್ಣ ಅಂದನಂತೆ. ಜಗಲಿಯಲ್ಲೇ ಕೂರುತ್ತೇನೆ. ಇಲ್ಲಿಯೂ ಎಲ್ಲರಿಗೂ ನಾನು ಇನ್ನೂ ಮೈಸೂರಿನವನೇ. ಮರಿಗಳು ಹಾಲು ಬಿಟ್ಟ ಮೇಲೆ ಬರುತ್ತೇನೆ ಎಂದುಕೊಂಡಿದ್ದೇನೆ. ಆದರೆ ಅವು ನನ್ನ ಕೂಗಿಗೆ ಮಾತ್ರ ಓಡಿ ಬರುತ್ತವೆ, ಬಿಟ್ಟು ಬರುವುದು ಹೇಗೋ ತಿಳಿಯದು. ಇಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.