ಚಂದಾಪುರದಲ್ಲಿ ಉಕ್ಕಿದ ಹಾಲು

ಕೌಟುಂಬಿಕ ನ್ಯಾಯಾಲಯದ ಕಾರಿಡಾರಿನಲ್ಲಿ ನನಗೆ ಯಾವಾಗಲೂ ನಿದ್ದೆ ಬರುತ್ತಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟು ಮಾಡಿ ಮಾಡಿ ಎಲ್ಲಿ ಕೂತರೂ ರೆಪ್ಪೆ ಬೀಳುತ್ತಿತ್ತು. ಬೆಂಚಿನ ಮೇಲೆ ತೂಕಡಿಸುವಾಗ ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಎಲ್ಲೋ ದೂರದಿಂದ ಕೇಳುತ್ತಿತ್ತು. ಗಂಡನದೊಂದು, ಹೆಂಡತಿಯದೊಂದು, ಜೋಡಿ ಜೋಡಿಯಾಗಿ ಕೂಗುತ್ತಿದ್ದ. ಅರೆನಿದ್ದೆಯಲ್ಲಿ ನನಗದು ಯಾರೋ ಲಗ್ನಪತ್ರಿಕೆಗಳನ್ನು ಓದಿದ ಹಾಗೆ ಅನ್ನಿಸುತ್ತಿತ್ತು. ಎಷ್ಟು ಮದುವೆಗಳಪ್ಪಾ ಇವತ್ತು ಎಂದುಕೊಂಡು ಕಣ್ಣು ಬಿಟ್ಟರೆ ಎದುರಿಗೆ ನನ್ನ ಗಂಡ ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿರುತ್ತಿದ್ದರು.

ನಮ್ಮ ನಡುವೆ ಮೂರನೆಯವರು ಯಾರೂ ಬಂದಿರಲಿಲ್ಲ. ಕೆದಕಿ ಕೇಳಿದವರಿಗೆಲ್ಲ ಇದೊಂದು ನಿರಾಸೆ. ಅವರ ಕಾರ್ಖಾನೆ ಹೊಸೂರು ರಸ್ತೆಯ ಕಡೆ, ನನ್ನದು ತುಮಕೂರು ರಸ್ತೆಯ ಕಡೆ, ಮಧ್ಯೆ ಇಡೀ ಬೆಂಗಳೂರು. ಮನೆಯಲ್ಲಿ ಸಿಕ್ಕಾಗ ಇಬ್ಬರಿಗೂ ಸುಸ್ತು, ಸುಸ್ತಾದಾಗ ಜಗಳ. ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಒಂದು ದಿನ ಅವರು ಬಟ್ಟೆ ತುಂಬಿಕೊಂಡು ಹೋಗಿ ಚಂದಾಪುರದಲ್ಲಿ ಬಾಡಿಗೆ ಮನೆ ಹಿಡಿದರು. ನಾನೂ ಎಂಟು ವರ್ಷದ ಮಗಳೂ ನಾಗಸಂದ್ರದ ಫ್ಲಾಟಿನಲ್ಲಿ ಉಳಿದೆವು.

ನನಗೆ ಬೇಕಾಗಿದ್ದದ್ದು ಒಂದೇ. ಮಗಳು ಒಂದು ರಾತ್ರಿಯೂ ನನ್ನನ್ನು ಬಿಟ್ಟಿರಬಾರದು. ಮೊದಲಿನ ಆದೇಶದಲ್ಲಿ ಭಾನುವಾರ ಹಗಲು ಅಪ್ಪನ ಜೊತೆ ಕಳಿಸಬೇಕೆಂದಿತ್ತು, ಅಷ್ಟಕ್ಕೇ ನನಗೆ ಸಂಕಟ. ಈಗ ಅವರು ಶನಿವಾರ ರಾತ್ರಿಯೂ ಬೇಕೆಂದು ಕೇಳಿದ್ದರು.

“ಅದೆಂಥ ಮನೆ ಸಾರ್? ಒಂದು ರೂಮು ಅಷ್ಟೆ. ಒಲೆ ಹಚ್ಚೋರು ಗತಿಯಿಲ್ಲ, ಮೂರು ಹೊತ್ತೂ ಹೋಟ್ಲಲ್ಲಿ ತಿಂತಾರೆ ನಮ್ಮನೆಯವ್ರು” ಎಂದು ನಾನು ವಕೀಲರ ಮುಂದೆ ಕೂಗಾಡಿದೆ.

“ನಮ್ಮನೆಯವ್ರು ಅನ್ಬೇಡಿ ಮೇಡಂ, ಪ್ರತಿವಾದಿ ಅನ್ನಿ” ಎಂದರು ವಕೀಲರು.

ಹಾಳಾದ್ದು, ನಾಲಿಗೆಗೆ ರೂಢಿ. ಏನೇ ಆಗಲಿ, ಅದೇ ನಮ್ಮ ದೊಡ್ಡ ತಕರಾರಾಯಿತು. ಅಪ್ಪನಿಗಿರುವುದು ಮನೆಯಲ್ಲ, ಮಗು ರಾತ್ರಿ ಉಳಿಯುವ ಜಾಗವಲ್ಲ.

ಆಸ್ತಿಯ ವಿಷಯವನ್ನು ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಫ್ಲಾಟು ಇಬ್ಬರ ಹೆಸರಿನಲ್ಲಿತ್ತು. ಮಗಳು ದೊಡ್ಡವಳಾಗುವ ತನಕ ಮಾರುವುದು ಬೇಡ, ಅಲ್ಲಿಯವರೆಗೆ ನಾನೂ ಮಗಳೂ ಅಲ್ಲೇ ಇರುವುದು, ಆಮೇಲೆ ಸಮಪಾಲು ಎಂದು ಒಪ್ಪಿಗೆಯಾಯಿತು. ಅಂಥ ದೊಡ್ಡ ಮಾತು ಸಲೀಸಾಗಿ ಮುಗಿದುಹೋಯಿತು. ಜಗಳ ಬಿದ್ದದ್ದು ಪಾತ್ರೆಪಗಡಕ್ಕೆ. “ಕುಕ್ಕರ್ ನಮ್ಮಮ್ಮ ಕೊಟ್ಟಿದ್ದು! ಮಿಕ್ಸಿ ನಾನು ತಗೊಂಡಿದ್ದು!” ಎಂದು ನಾನು ಎಗರಾಡಿದೆ. ಅವರು ಎಲ್ಲಕ್ಕೂ ತಲೆಯಾಡಿಸಿ, “ಆ ಹಳೇ ಹಾಲಿನ ಪಾತ್ರೆ ಒಂದು ಕೊಟ್ಬಿಡ್ಲಿ, ಸಾಕು” ಎಂದರು. ಹಾಲು ಕಾಯಿಸುವುದಿರಲಿ, ತರುವುದನ್ನೇ ಮರೆಯುತ್ತಿದ್ದ ಮನುಷ್ಯನಿಗೆ ಅದ್ಯಾಕೆ? “ತಗೊಂಡ್ಹೋಗ್ಲಿ ಬಿಡಿ” ಎಂದೆ.

ಕೆಲವು ವಾರಗಳ ಮೇಲೆ ನ್ಯಾಯಾಧೀಶೆ ಮಗಳೊಬ್ಬಳನ್ನೇ ಚೇಂಬರಿಗೆ ಕರೆದರು. ಅಪ್ಪನ ಹಕ್ಕೂ ಅಲ್ಲ, ಅಮ್ಮನ ಹಕ್ಕೂ ಅಲ್ಲ, ಮಗುವಿನ ಹಿತವನ್ನೇ ಕೋರ್ಟು ನೋಡುವುದು ಎಂದು ವಕೀಲರು ಮೊದಲೇ ಹೇಳಿದ್ದರು. ಬಾಗಿಲು ಮುಚ್ಚಿತು. ಎಂದೂ ಇಲ್ಲದೆ ಅವತ್ತು ನನಗೆ ನಿದ್ದೆ ಬರಲಿಲ್ಲ. ಆದರೂ ಎಲ್ಲವೂ ಕನಸಿನಲ್ಲೇ ನಡೆಯುತ್ತಿರುವಂತಿತ್ತು. ಮಕ್ಕಳ ಕೋಣೆಯಲ್ಲಿ ಯಾರದೋ ಮಗು ಆಟದ ರೈಲು ಓಡಿಸುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಧೂಳು ನಿಧಾನಕ್ಕೆ ಏರಿ ಇಳಿಯುತ್ತಿತ್ತು. ಹೊರಗೆ ಬಂದ ಮಗಳು ಯಾರ ಹತ್ತಿರ ಮೊದಲು ಹೋಗುವುದೆಂದು ತಿಳಿಯದೆ, ಅಲ್ಲೇ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡುತ್ತಾ ನಿಂತಳು.

ಸಂಜೆ ಮೆಟ್ರೊ ಪೀಣ್ಯದ ತಗಡಿನ ಛಾವಣಿಗಳ ಮೇಲೆ ಸಾಗುತ್ತಿತ್ತು. ಛಾವಣಿಗಳೆಲ್ಲ ಹೊಂಬಿಸಿಲಲ್ಲಿ ಮಿಂಚುತ್ತಿದ್ದವು. ಮಗಳು ನನ್ನ ತೋಳಿಗೆ ತಲೆಯಾನಿಸಿ ಕೂತಿದ್ದಳು.

“ಏನ್ ಕೇಳಿದ್ರೇ ಜಡ್ಜ್ ಮೇಡಂ?” ಎಂದೆ.

“ಅಪ್ಪನ ಮನೆ ಹೆಂಗಿದೆ ಅಂದ್ರು. ನಾನೇ ಹಾಲು ಉಕ್ಕಿಸಿದ್ದು ಅಂದೆ.”

“ಏನು?”

“ಹೂಂ ಕಣಮ್ಮ. ಅಪ್ಪ ಅಲ್ಲಿ ಒಲೇನೇ ಹಚ್ಚಿರ್ಲಿಲ್ಲ. ಮಗಳು ಬಂದು ಹಾಲು ಉಕ್ಕಿಸ್ದೇ ಹೆಂಗೆ ಅಡುಗೆ ಮಾಡೋದು ಅಂದ್ರು. ನಮ್ಮನೆ ಪಾತ್ರೇಲೇ ಕಾಯಿಸಿದ್ವಿ. ಪೂರ್ವದ ಕಡೆಗೇ ಉಕ್ತು, ಅಪ್ಪ ಚಪ್ಪಾಳೆ ಹೊಡೆದ್ರು. ಹಾಲು ಉಕ್ಕಿದ್ಮೇಲೆ ಅದು ಮನೇನೇ ಅಲ್ವಾ?”

ನನ್ನನ್ನೊಂದು ಮಾತು ಕೇಳದೆ ನನ್ನ ಮಗಳಿಗೆ ಇನ್ನೊಂದು ಮನೆ ಮಾಡಿಬಿಟ್ಟಿದ್ದರಲ್ಲ! ಆದರೆ ಆ ಸಿಟ್ಟಿನ ಹಿಂದೆಯೇ ನಮ್ಮ ಫ್ಲಾಟಿನ ಗೃಹಪ್ರವೇಶದ ಬೆಳಗು ತೇಲಿಬಂತು. ಇದೇ ಪಾತ್ರೆಯ ಮುಂದೆ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು, ಹಾಲು ಯಾವಾಗ ಉಕ್ಕುತ್ತದೋ ಎಂದು ಉಸಿರು ಬಿಗಿಹಿಡಿದು ನೋಡಿದ್ದೆವು. ಹಾಗೇ ರೆಪ್ಪೆ ಬಿದ್ದು ನಾಗಸಂದ್ರ ಬಂದದ್ದು ಗೊತ್ತಾಗಲಿಲ್ಲ. ಕೊನೆಯ ಸ್ಟೇಷನ್ನುಗಳು ಹತ್ತಿರವಾದಾಗ ಮಗಳೇ ಗಾಬರಿಯಾಗಿ ಎಬ್ಬಿಸಿದಳು, ಮುಂದೆ ಹೋಗಿ ವಾಪಸ್ಸು ಬಂದೆವು.

ಮುಂದಿನ ವಾಯಿದೆಯಲ್ಲಿ ವಕೀಲರು ಎದ್ದು, “ಅದು ಮನೆಯೇ ಅಲ್ಲ” ಎಂದು ಶುರು ಮಾಡುತ್ತಿದ್ದಂತೆ ನಾನು ಅವರ ಕರಿಕೋಟಿನ ತುದಿ ಹಿಡಿದು ಜಗ್ಗಿದೆ. “ಬಿಡಿ ಸಾರ್. ಮನೇನೇ ಅದು.” ಅವರು ನನಗೆ ತಲೆ ಕೆಟ್ಟಿದೆಯೆಂಬಂತೆ ನೋಡಿದರು. ನನ್ನ ಗಂಡ ಮಾತ್ರ ಮೊದಲ ಸಲ ಗೋಡೆ ಬಿಟ್ಟು ನೆಟ್ಟಗೆ ನಿಂತರು.

ಮಗಳು ನನ್ನ ಹತ್ತಿರವೇ ಎಂದು ಆದೇಶವಾಯಿತು. ಶನಿವಾರ ಬೆಳಗಿನಿಂದ ಭಾನುವಾರ ಸಂಜೆಯವರೆಗೆ ಅಪ್ಪನ ಜೊತೆ. ಹಸಿರು ಮಾರ್ಗವೂ ಹಳದಿ ಮಾರ್ಗವೂ ಸೇರುವ ಮೆಟ್ರೊ ನಿಲ್ದಾಣಕ್ಕೆ ಒಬ್ಬರು ಕರೆತರಬೇಕು, ಅಲ್ಲಿಂದ ಇನ್ನೊಬ್ಬರು ಕರೆದೊಯ್ಯಬೇಕು.

ಮೊದಲ ಶನಿವಾರ ಅವರು ನಮಗಿಂತ ಮುಂಚೆಯೇ ಬಂದು ಕಾಯುತ್ತಿದ್ದರು. ನಾನು ಬ್ಯಾಗು ಕೊಟ್ಟೆ. ಮಗಳು ಅವರ ಕೈ ಹಿಡಿದು ಸ್ವಲ್ಪ ದೂರ ಹೋದವಳು ಕೈ ಬಿಡಿಸಿಕೊಂಡು ಓಡಿಬಂದಳು.

“ಅಮ್ಮ, ನನ್ನನ್ನ ಅಪ್ಪಂಗೆ ಕೊಟ್ಟಾಗ ನಿನ್ನ ಯಾರಿಗೆ ಕೊಡ್ತಾರೆ?”

“ಯಾರಿಗೂ ಕೊಡಲ್ಲ ಕಣೆ. ಮನೇಲೇ ಇರ್ತೀನಿ.”

“ಒಬ್ಳೇನಾ?”

“ಒಬ್ಳೇ” ಎಂದೆ. ಹೇಳುವಾಗ ನನಗೇ ಗೊತ್ತಿಲ್ಲದೆ ಅವಳ ತಲೆಯ ಮೇಲಿಂದ ಅವರ ಮುಖ ನೋಡಿದೆ. ಚಂದಾಪುರದಲ್ಲಿ ಒಬ್ಬರೇ ಇದ್ದ ಅವರನ್ನೂ ಇಷ್ಟು ದಿನ ಯಾರಿಗೂ ಕೊಟ್ಟಿರಲಿಲ್ಲ.