ಬಿಸಿಲು ಅಳೆಯುವವನ ಕಪ್ಪು ಅಂಗಿ

ನೆಲ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಮೇಲಿನಿಂದ ಉಪಗ್ರಹ ಒಂದು ಲೆಕ್ಕ ಹೇಳುತ್ತದೆ. ಅದು ಸರಿಯೋ ತಪ್ಪೋ ಎಂದು, ಅದು ಹಾದುಹೋಗುವ ಹೊತ್ತಿಗೆ, ಯಾರಾದರೂ ಹೊಲದಲ್ಲಿ ನಿಂತು ನೋಡಬೇಕಲ್ಲ. ಆ ಯಾರಾದರೂ ನಾನೇ. ಬಿಳಿ ಬಟ್ಟೆ ತೊಡುವ ಹಾಗಿಲ್ಲ, ಅಂಗಿಯಿಂದ ಚಿಮ್ಮಿದ ಬೆಳಕು ಉಪಕರಣಕ್ಕೆ ನುಗ್ಗಿ ಲೆಕ್ಕ ಕೆಡಿಸುತ್ತದೆ. ಹಾಗಾಗಿ ಕಪ್ಪು ಅಂಗಿ, ಕಪ್ಪು ಪ್ಯಾಂಟು, ಕಪ್ಪು ಟೋಪಿ. ಹತ್ತಿರ ಯಾರೂ ಸುಳಿಯಕೂಡದು. ತುಮಕೂರಿನ ನನ್ನ ಬಾಡಿಗೆ ಮನೆಯಲ್ಲೂ ಯಾರೂ ಸುಳಿಯುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮೆಸ್ಸಿನ ಊಟ, ಗೋಡೆ ನೋಡಿಕೊಂಡು. ಈ ಕೆಲಸಕ್ಕೆ ನನಗಿಂತ ಯೋಗ್ಯರು ಸಿಗುವುದು ಕಷ್ಟ.

ಮಾರ್ಗಶಿರದಲ್ಲಿ ಹಾಗಲವಾಡಿಯ ಹತ್ತಿರ, ರಾಗಿ ಕೊಯ್ದ ಹೊಲದಲ್ಲಿ ಉಪಕರಣ ಸಿದ್ಧಮಾಡುತ್ತಿದ್ದೆ. ಹೊಲದ ಯಜಮಾನಿ ಬದುವಿನ ಮೇಲೆ ಚಪ್ಪಲಿ ಬಿಟ್ಟು, ದೂರದಿಂದಲೇ ಕೈಮುಗಿದರು.

“ಸ್ವಾಮಿ, ಮಡೀಲೇ ಅಡುಗೆ ಮಾಡಿದೀನಿ. ನಮ್ಮನೇಲಿ ಊಟ ಮಾಡ್ಕಂಡ್ ಹೋಗಿ.”

ಶಬರಿಮಲೆಯ ಕಾಲ. ಕಪ್ಪು ಉಟ್ಟವರೆಲ್ಲ ಮಾಲೆ ಹಾಕಿದವರೇ. ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಎನಿಸಿತು. ನನ್ನನ್ನು ಯಾರಾದರೂ ಊಟಕ್ಕೆ ಕರೆದು ಎಷ್ಟು ಕಾಲವಾಗಿತ್ತು. ಆದರೆ ಆ ಊಟ ನನ್ನದಲ್ಲ.

“ನಾನು ಸ್ವಾಮಿ ಅಲ್ಲಮ್ಮ. ಬಿಸಿಲು ಅಳೆಯೋಕೆ ಬಂದಿದೀನಿ, ಅದಕ್ಕೇ ಕಪ್ಪು.”

ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. “ಸ್ವಾಮಿ ಅಲ್ದಿದ್ರೆ ಹೊಟ್ಟೆ ಹಸಿಯಲ್ವಾ? ಬನ್ನಿ ಅಂದ್ರೆ ಬನ್ನಿ.”

ಉಪಗ್ರಹದ ಹೊತ್ತಾಗಿತ್ತು. ಅದು ಮುಗಿದೊಡನೆ ಜೀಪು ಕುಣಿಗಲ್ಲಿಗೆ ಹೊರಡಬೇಕು. “ಮುಂದಿನ ಸಲ ಖಂಡಿತ ಬರ್ತೀನಮ್ಮ” ಎಂದೆ.

“ತಪ್ಪಿಸ್ಬ್ಯಾಡಿ ಮತ್ತೆ” ಎಂದು, ಬದುವಿನಾಚೆಯ ತಮ್ಮ ಮನೆಗೆ ಹೋದರು.

ಆ ಮಾತನ್ನೇ ಹಿಡಿದುಕೊಂಡು ದಿನ ಎಣಿಸಿದೆ. ಆ ಹೊಲದ ಮುಂದಿನ ಸರದಿಯ ದಿನ ಬೆಳಗಿನಿಂದಲೇ ಮೋಡ. ಮೋಡವಿದ್ದರೆ ಉಪಗ್ರಹಕ್ಕೆ ನೆಲ ಕಾಣುವುದಿಲ್ಲ. ಕೆಲಸವಿಲ್ಲ, ಜೀಪೂ ಇಲ್ಲ. ಆದರೂ ಗುಬ್ಬಿ ಬಸ್ಸು ಹತ್ತಿದೆ, ಅಲ್ಲಿಂದ ಇನ್ನೊಂದು. ಕರೆದವರ ಮನೆಗೆ ಹೋಗುವುದಲ್ಲವೇ ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದೆ. ಕೈಯಲ್ಲಿ ಬಾಳೆಹಣ್ಣಿನ ಚೀಲ.

ಬಾಗಿಲು ತೆರೆದು ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಯಾರ್ ಬೇಕಾಗಿತ್ತು?”

ಬಿಸಿಲು ಅಳೆಯುವವನು ಎನ್ನಬಹುದಿತ್ತು. ಬಿಸಿಲೇ ಇಲ್ಲದ ದಿನ, ಬಿಳಿ ಅಂಗಿಯಲ್ಲಿ ನಿಂತು ಹೇಳಿದರೆ ಯಾರು ನಂಬುತ್ತಾರೆ.

“ಕುಡಿಯೋಕೆ ಒಂದ್ ಲೋಟ ನೀರು ಕೊಡ್ತೀರಾಮ್ಮ” ಎಂದೆ.